ಹಿಂಸ್ರಜೀವಿಗೆ ಅಭಯ: ಶ್ರಾವಕನ ವ್ರತವೂ ನಾಡಿನ ಕಾಯಿದೆಯೂ

ಬೇಲೂರಿನ ದೇಗುಲದ ಮೆಟ್ಟಿಲನ್ನೇರುವ ಯಾತ್ರಿಕನ ಕಣ್ಣಿಗೆ ಮೊದಲು ಬೀಳುವುದು ಮೃಗವೊಂದನ್ನು ಇರಿಯುತ್ತಿರುವ ಸಳನ ಶಿಲ್ಪ. ಇಂದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಹೆಸರಿನಿಂದ ಕರೆಯಲ್ಪಡುವ ಸೊಸೆವೂರಿನಲ್ಲಿ ಜೈನಮುನಿ ಸುದತ್ತರ ಸನ್ನಿಧಿಯಲ್ಲಿ ಸಳನು ಕುಳಿತಿದ್ದನೆಂದೂ, ಹುಲಿಯೊಂದು ಹಠಾತ್ತನೆ ಮೇಲೆರಗಲು ಮುನಿಗಳು 'ಹೊಯ್ ಸಳ' ಎಂದು ಆಜ್ಞಾಪಿಸಿದರೆಂದೂ, ಆ ಮಾತೇ ಒಂದು ರಾಜವಂಶದ ಹೆಸರಾಯಿತೆಂದೂ ವಿಷ್ಣುವರ್ಧನನ ಕಾಲದಿಂದೀಚಿನ ಶಾಸನಗಳ ಪರಂಪರೆ ಹೇಳುತ್ತದೆ. ಕನ್ನಡ ನಾಡಿನ ಒಂದು ದೊಡ್ಡ ರಾಜ್ಯದ ಹುಟ್ಟಿಗೆ ನಮ್ಮ ಮುನಿಯೊಬ್ಬರು ಕಾರಣರಾದರೆಂದು ಈ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತ ಬಂದಿದ್ದೇವೆ. ಆದರೆ ಮನ ವಚನ ಕಾಯಗಳಿಂದ, ಕೃತ ಕಾರಿತ ಅನುಮೋದನಗಳಿಂದ ಹಿಂಸೆಯನ್ನು ತ್ಯಜಿಸಿದ ಮಹಾವ್ರತಿಯ ಬಾಯಿಂದ 'ಹೊಡೆ' ಎಂಬ ಮಾತು ಬರುವುದು ಹೇಗೆ ಸಾಧ್ಯ ಎಂದು ಕೇಳಿಕೊಂಡವರು ವಿರಳ.

ಹೊಯ್ಸಳರ ಈ ಲಾಂಛನವು ಹುಲಿಯನ್ನು ಧ್ವಜದಲ್ಲಿ ಧರಿಸಿದ ಚೋಳರ ಮೇಲೆ ವಿಷ್ಣುವರ್ಧನನು ಪಡೆದ ಜಯದ ಗುರುತಾಗಿರಬೇಕು, ಕಥೆಯನ್ನು ಅದಕ್ಕೆ ಹೊಂದುವಂತೆ ಅನಂತರ ಹೆಣೆದಿರಬೇಕು ಎಂದು ಇತಿಹಾಸಕಾರರು ಹಲವರು ಊಹಿಸಿದ್ದಾರೆ. ಈ ಊಹೆಯನ್ನು ಒಪ್ಪುವುದರಿಂದ ಸುದತ್ತ ಮುನಿಗಳ ಗೌರವಕ್ಕೆ ಕುಂದೇನೂ ಬರುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಅದರಿಂದಲೇ ಅವರ ಗೌರವ ಉಳಿಯುತ್ತದೆ. ಕಥೆಯೇ ನಿಜವೆಂದು ಹಿಡಿದರೂ ಆಚಾರವನ್ನು ಅಳೆಯುವುದು ಆಗಮದಿಂದಲೇ ಹೊರತು ಆಗಮವನ್ನು ರಾಜಮುದ್ರೆಯಿಂದಲ್ಲ. ನಮ್ಮ ಪ್ರಥಮಾನುಯೋಗದಲ್ಲಿ ಹುಲಿಯನ್ನು ಎದುರಿಸಿದ ಇನ್ನೊಬ್ಬ ಮುನಿಯಿದ್ದಾರೆ. ಕನ್ನಡದ ಹಿರಿಯ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ಬರುವ ಸುಕೌಶಲ ಸ್ವಾಮಿಗಳ ಚರಿತ್ರೆಯನ್ನು ಬಲ್ಲವರಿಗೆ ಅದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಹಿಂದೆ ತಾಯಿಯಾಗಿದ್ದ ಜೀವವೇ ಹೆಣ್ಣುಹುಲಿಯಾಗಿ ಹುಟ್ಟಿ ಬಂದು ಮಗನ ದೇಹವನ್ನು ತಿನ್ನುತ್ತಿದ್ದಾಗ ಸ್ವಾಮಿಗಳು ಅದನ್ನು ಉಪಸರ್ಗವೆಂದು ಸಹಿಸಿದರು. ಕೈಯೆತ್ತಲಿಲ್ಲ, ಯಾರನ್ನೂ ಕೂಗಲಿಲ್ಲ. ಬೇಲೂರಿನ ಕಲ್ಲಿನಲ್ಲಿ ಒಬ್ಬ ಮುನಿಯ ಹುಲಿ, ವಡ್ಡಾರಾಧನೆಯ ಓಲೆಯಲ್ಲಿ ಇನ್ನೊಬ್ಬ ಮುನಿಯ ಹುಲಿ. ನಾವು ಯಾವುದನ್ನು ಲಾಂಛನವಾಗಿಟ್ಟುಕೊಂಡಿದ್ದೇವೆ?

ಗೃಹಸ್ಥನು ಮುನಿಯಲ್ಲ, ಸುಕೌಶಲರ ಧೈರ್ಯವನ್ನು ಅವನಿಂದ ಯಾರೂ ನಿರೀಕ್ಷಿಸುವುದಿಲ್ಲ. ಅವನ ಮುಂದಿರುವ ಪ್ರಶ್ನೆ ಬೇರೆ. ಹುಲಿ, ಚಿರತೆ, ತೋಳ, ಸೀಳುನಾಯಿಗಳಂತಹ ಹಿಂಸ್ರಜೀವಿಗಳನ್ನು ಬೇಟೆಯಿಂದ ಕಾಪಾಡುವ ಕಾಯಿದೆಗಳ ಪಕ್ಷದಲ್ಲಿ ಶ್ರಾವಕನು ನಿಲ್ಲಬೇಕೇ? ಅವುಗಳಿಗಾಗಿ ಸಭೆಯಲ್ಲಿ, ಪತ್ರಿಕೆಯಲ್ಲಿ, ಅಧಿಕಾರಿಗಳ ಮುಂದೆ ಮಾತನಾಡುವುದು ವ್ರತಪಾಲನೆಯ ಅಂಗವೇ, ಅಥವಾ ಲೌಕಿಕ ವ್ಯವಹಾರ ಮಾತ್ರವೇ? ರಾತ್ರಿಭೋಜನವನ್ನು ಬಿಟ್ಟವರೂ ಕಂದಮೂಲವನ್ನು ಮುಟ್ಟದವರೂ ಆದ ಹಿರಿಯರು ಈ ವಿಷಯದಲ್ಲಿ ತಡವರಿಸುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. "ಕಟುಕನ ಕೈಯಿಂದ ಕುರಿಯನ್ನು ಬಿಡಿಸಿದರೆ ಅದು ಹುಲ್ಲು ತಿಂದು ಬದುಕುತ್ತದೆ. ಬೇಟೆಗಾರನ ಕೈಯಿಂದ ಹುಲಿಯನ್ನು ಬಿಡಿಸಿದರೆ ಅದು ಏನು ತಿಂದು ಬದುಕುತ್ತದೆ?"

ಈ ಸಂಶಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ನಡೆಸಿದ ದೀರ್ಘಕಾಲದ ಅಧ್ಯಯನದಿಂದ ತಿಳಿದುಬಂದಿರುವಂತೆ ಒಂದು ಹುಲಿಗೆ ವರ್ಷವೊಂದಕ್ಕೆ ಜಿಂಕೆ, ಕಡವೆ, ಕಾಟಿಗಳಂತಹ ಸುಮಾರು ೫೦ ಪ್ರಾಣಿಗಳು ಆಹಾರವಾಗಿ ಬೇಕು. ೨೦೨೨ರ ಗಣತಿಯಲ್ಲಿ ಭಾರತದ ಹುಲಿಗಳ ಸಂಖ್ಯೆಯನ್ನು ೩,೬೮೨ ಎಂದು ಅಂದಾಜು ಮಾಡಲಾಗಿದೆ. ಕರ್ನಾಟಕದ ಪಾಲು ೫೬೩. ಗುಣಿಸಿದರೆ ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಮೀರಿದ ಪಂಚೇಂದ್ರಿಯ ಜೀವಗಳು. ಹುಲಿಯ ಸಂತತಿ ಹೆಚ್ಚಿತೆಂದು ಪತ್ರಿಕೆಗಳು ಸಂತೋಷದಿಂದ ಬರೆಯುವಾಗ, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು ಆ ಸಂತೋಷದಲ್ಲಿ ಪಾಲುಗೊಳ್ಳಬಹುದೇ ಎಂದು ಕೇಳುವುದು ನ್ಯಾಯವೇ ಸರಿ.

ಆದರೆ ಈ ಪ್ರಶ್ನೆ ಹೊಸದಲ್ಲ. ಹತ್ತನೆಯ ಶತಮಾನದ ಸುಮಾರಿನಲ್ಲಿದ್ದ ಆಚಾರ್ಯ ಅಮೃತಚಂದ್ರರು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಹಿಂಸೆಯ ಸ್ವರೂಪವನ್ನು ವಿವರಿಸುತ್ತ, ಲೋಕದಲ್ಲಿ ಪ್ರಚಲಿತವಿದ್ದ ನೆಪಗಳನ್ನು ಒಂದೊಂದಾಗಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಅವುಗಳಲ್ಲಿ ಹಿಂಸ್ರಪ್ರಾಣಿಯ ವಿಷಯವೂ ಇದೆ. ಒಂದು ಹಿಂಸ್ರಜೀವಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆ ಎಂಬ ಲೆಕ್ಕದಿಂದ ಅದನ್ನು ಕೊಲ್ಲಲಾಗದು ಎಂಬುದು ಅವರ ಮೊದಲ ನಿರ್ಣಯ. ಎರಡನೆಯದು ಇನ್ನೂ ಸೂಕ್ಷ್ಮ. ಇದು ಬದುಕಿದ್ದಷ್ಟು ಕಾಲ ಕೊಂದು ಕೊಂದು ಘೋರವಾದ ಪಾಪವನ್ನು ಕಟ್ಟಿಕೊಳ್ಳುತ್ತದೆ, ಆದುದರಿಂದ ಕೊಲ್ಲುವುದೇ ಅದಕ್ಕೆ ಮಾಡುವ ಅನುಕಂಪ ಎಂದು ಹೇಳುವವರಿದ್ದರೆ, ಅಂತಹ ಅನುಕಂಪದಿಂದಲೂ ಕೊಲ್ಲಲಾಗದು. ದುಃಖದಿಂದ ಬಿಡಿಸುವ ನೆಪದಲ್ಲಿ ದುಃಖಿಯಾದ ಜೀವವನ್ನು ಕೊಲ್ಲಬಾರದೆಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಸಾವಿರ ವರ್ಷಗಳ ಹಿಂದೆ, ಕಾಡುಮೃಗಗಳ ಭಯ ಇಂದಿಗಿಂತ ಎಷ್ಟೋ ಹೆಚ್ಚಾಗಿದ್ದ ಕಾಲದಲ್ಲಿ, ಆಚಾರ್ಯರು ಈ ಮಾತನ್ನು ಬರೆದರೆಂಬುದನ್ನು ಗಮನಿಸಬೇಕು. ಹುಲಿಯನ್ನು ಚಿತ್ರದಲ್ಲಿ ಮಾತ್ರ ಕಂಡವರಿಗಾಗಿ ಹೇಳಿದ ಮಾತು ಇದಲ್ಲ.

ಲೆಕ್ಕವನ್ನು ಅವರು ಏಕೆ ಒಪ್ಪಲಿಲ್ಲ? ನಮ್ಮ ಸಿದ್ಧಾಂತದಲ್ಲಿ ಹಿಂಸೆಯ ಮೂಲವಿರುವುದು ಪ್ರಮಾದದಲ್ಲಿ, ಕಷಾಯದಲ್ಲಿ. ಜಿಂಕೆಯ ಸಾವಿಗೆ ಹುಲಿಯ ಪರಿಣಾಮ ಕಾರಣ. ಹುಲಿಯ ಸಾವಿಗೆ ಕೋವಿ ಹಿಡಿದವನ ಪರಿಣಾಮ ಕಾರಣ. ಒಬ್ಬರ ಕರ್ಮವನ್ನು ಇನ್ನೊಬ್ಬರ ಖಾತೆಗೆ ಬರೆಯುವ ಗುಮಾಸ್ತನು ನಮ್ಮಲ್ಲಿ ಇಲ್ಲ. ಹುಲಿಯನ್ನು ಕೊಲ್ಲದೆ ಬಿಟ್ಟವನು ಜಿಂಕೆಯನ್ನು ಕೊಲ್ಲಿಸಿದವನಾಗುವುದಿಲ್ಲ. ಕಾರಿತವೆಂದರೆ ಪ್ರೇರಣೆ, ಇಲ್ಲಿ ಪ್ರೇರಣೆಯಿಲ್ಲ. ಹುಲಿಯನ್ನು ನೋಡುವ ಆಸೆಗಾಗಿ ಮರದ ಬುಡದಲ್ಲಿ ಎಮ್ಮೆಯ ಕರುವನ್ನು ಕಟ್ಟಿಹಾಕುವ ಪದ್ಧತಿ ಕೆಲವು ಕಾಡುಗಳಲ್ಲಿ ಹಿಂದೆ ಇತ್ತು. ಅದನ್ನು ಕಟ್ಟಿದವನೂ, ಕಟ್ಟಿಸಿ ಅಟ್ಟಣೆಯ ಮೇಲೆ ಕುಳಿತು ನೋಡಿದವನೂ ನಿಸ್ಸಂದೇಹವಾಗಿ ಕಾರಿತದ ದೋಷಕ್ಕೆ ಗುರಿಯಾಗುತ್ತಾರೆ. ಕಾಡನ್ನು ಕಾಡಿನ ಪಾಡಿಗೆ ಬಿಟ್ಟವನು ಆ ಸಾಲಿಗೆ ಸೇರುವುದಿಲ್ಲ.

ಹುಲಿಯಿಲ್ಲದಿದ್ದರೆ ಜಿಂಕೆಗಳು ಮಿತಿಮೀರಿ ಬೆಳೆದು ಕಾಡನ್ನೆಲ್ಲ ಮೇದು ಕೊನೆಗೆ ಹಸಿವಿನಿಂದ ಸಾಯುತ್ತವೆ, ಹಳ್ಳ ಕೊಳ್ಳಗಳು ಬತ್ತುತ್ತವೆ, ಆದುದರಿಂದ ಹುಲಿ ಬೇಕು ಎಂದು ಇಂದಿನ ವಿದ್ಯಾವಂತರು ವಾದಿಸುತ್ತಾರೆ. ಅದರಲ್ಲಿ ಸತ್ಯವಿದೆ, ಶಾಲೆಗಳಲ್ಲಿ ಅದನ್ನು ಕಲಿಸುವುದು ಒಳ್ಳೆಯದೇ. ಆದರೂ ವ್ರತಿಯು ಅದನ್ನು ತನ್ನ ಮುಖ್ಯ ಆಧಾರವಾಗಿ ಹಿಡಿಯಬಾರದೆಂಬುದು ನನ್ನ ಅಭಿಪ್ರಾಯ. ಉಪಯೋಗದ ಲೆಕ್ಕ ಎರಡು ಬದಿಗೂ ಹೊರಳುತ್ತದೆ. ಬೇಟೆಗಾರರು ತಮ್ಮ ವಿನೋದವನ್ನು ಸಮರ್ಥಿಸಿಕೊಂಡದ್ದೂ ಇದೇ ಲೆಕ್ಕದಿಂದ. ಬ್ರಿಟಿಷರ ಆಡಳಿತವು ಹುಲಿ, ಚಿರತೆ, ತೋಳಗಳನ್ನು ಪೀಡೆಯೆಂದು ಹೆಸರಿಟ್ಟು ಕೊಂದವರಿಗೆ ಬಹುಮಾನ ಕೊಟ್ಟಿತು. ೧೮೭೫ರಿಂದ ೧೯೨೫ರವರೆಗಿನ ಐವತ್ತು ವರ್ಷಗಳಲ್ಲಿ ೮೦,೦೦೦ಕ್ಕೂ ಮೀರಿದ ಹುಲಿಗಳು, ೧,೫೦,೦೦೦ಕ್ಕೂ ಮೀರಿದ ಚಿರತೆಗಳು, ೨,೦೦,೦೦೦ದಷ್ಟು ತೋಳಗಳು ಹತವಾದವೆಂದು ಇತಿಹಾಸಕಾರ ಮಹೇಶ ರಂಗರಾಜನ್ ಅವರು ಅಂದಾಜು ಮಾಡಿದ್ದಾರೆ. ಸೀಳುನಾಯಿಯ ಹೆಣಕ್ಕೆ ಬಹುಮಾನ ಕೊಡುವ ರೂಢಿಯಂತೂ ೧೯೭೨ರ ಕಾಯಿದೆ ಬರುವವರೆಗೂ ಮುಂದುವರಿಯಿತು. ಜಿಂಕೆಗಳ ಮೇಲಣ ದಯೆ, ದನಗಾಹಿಗಳ ಮೇಲಣ ದಯೆ ಎಂಬ ಒಳ್ಳೆಯ ಮಾತುಗಳನ್ನೇ ಮುಂದಿಟ್ಟುಕೊಂಡು ಈ ಸಂಹಾರ ನಡೆಯಿತೆಂಬುದನ್ನು ಮರೆಯಲಾಗದು. ಅಮೃತಚಂದ್ರರು ಬಾಗಿಲು ಮುಚ್ಚಿದ್ದು ಇಂತಹ ದಯೆಗೇ.

ಇನ್ನೊಂದು ವಿಚಾರ ನಮ್ಮ ಧರ್ಮದಲ್ಲಿ ವಿಶೇಷವಾದದ್ದು. ಅನೇಕರು ಹಿಂಸ್ರಜೀವಿಯನ್ನು ಪಾಪದ ಮೂರ್ತಿಯೆಂದು ಭಾವಿಸುತ್ತಾರೆ. ಜಿನಾಗಮ ಹಾಗೆ ಹೇಳುವುದಿಲ್ಲ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚವು ಸಮ್ಯಕ್ತ್ವವನ್ನು ಪಡೆಯಬಲ್ಲದು, ದೇಶವ್ರತವನ್ನು ಧರಿಸಿ ಐದನೆಯ ಗುಣಸ್ಥಾನದವರೆಗೆ ಏರಬಲ್ಲದು. ಪ್ರತಿಮೆಗಳನ್ನು ಧರಿಸಿದ ಶ್ರಾವಕನು ನಿಂತಿರುವ ಗುಣಸ್ಥಾನವೂ ಅದೇ ಅಲ್ಲವೇ? ಬಸದಿಗೆ ಬಾರದ, ಶಾಸ್ತ್ರವನ್ನೋದದ ಕಾಡಿನ ಮೃಗವೊಂದು ನಮ್ಮ ಮಗ್ಗುಲಲ್ಲಿ ನಿಲ್ಲಬಹುದೆಂದು ಒಪ್ಪುವ ಸಿದ್ಧಾಂತ ನಮ್ಮದು.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ವರ್ಧಮಾನ ಸ್ವಾಮಿಗಳ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿ ಹುಟ್ಟಿದ್ದ ಪ್ರಸಂಗವು ಎಲ್ಲ ಮನೆಗಳಲ್ಲೂ ಪರಿಚಿತ. ಜಿಂಕೆಯನ್ನು ಕೊಂದು ತಿನ್ನುತ್ತಿದ್ದ ಆ ಸಿಂಹದ ಮುಂದೆ ಆಕಾಶಮಾರ್ಗದಿಂದ ಇಳಿದು ಬಂದ ಚಾರಣಮುನಿಗಳು ಇಬ್ಬರು ಧರ್ಮವನ್ನು ಹೇಳಿದರು. ಸಿಂಹದ ಕಣ್ಣಲ್ಲಿ ನೀರಿಳಿಯಿತು. ಅದು ವ್ರತವನ್ನು ಕೈಕೊಂಡಿತು. ಉಪವಾಸದ ವಿಚಾರವನ್ನು ಹೇಳುವ ಈ ಪತ್ರಿಕೆಯ ವಾಚಕರು ಮುಂದಿನ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕೆಂದು ಕೋರುತ್ತೇನೆ. ಮಾಂಸದ ಹೊರತು ಸಿಂಹಕ್ಕೆ ಬೇರೆ ಆಹಾರವಿಲ್ಲ. ಆದುದರಿಂದ ಅದರ ವ್ರತವೆಂದರೆ ನಿರಾಹಾರವೇ. ನಾವು ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡಿ ಮರುದಿನ ಪಾರಣೆಗೆ ಕುಳಿತುಕೊಳ್ಳುತ್ತೇವೆ; ಆ ಸಿಂಹಕ್ಕೆ ಪಾರಣೆಯಿರಲಿಲ್ಲ. ಕಲ್ಲಿನಂತೆ ಅಲುಗದೆ ಮಲಗಿ ಸಮಾಧಿಮರಣವನ್ನು ಪಡೆದು ಅದು ದೇವಗತಿಗೆ ಹೋಯಿತು. ಅಲ್ಲಿಂದ ಆ ಜೀವದ ಪಯಣ ಪಾವಾಪುರಿಯವರೆಗೆ ಸಾಗಿತು. ಜಿಂಕೆಯ ಮೇಲಣ ದಯೆಯಿಂದ ಯಾರಾದರೂ ಬೇಟೆಗಾರನು ಮುನಿಗಳಿಗಿಂತ ಒಂದು ದಿನ ಮೊದಲು ಆ ಗುಡ್ಡಕ್ಕೆ ಬಂದಿದ್ದರೆ? ಪ್ರತಿಯೊಂದು ಸಿಂಹವೂ ತೀರ್ಥಂಕರನಾಗುತ್ತದೆಂದು ನಾನು ಹೇಳುತ್ತಿಲ್ಲ. ಯಾವ ಜೀವದ ಪಯಣ ಎಲ್ಲಿಯವರೆಗೆ ಇದೆಯೆಂದು ಕೋವಿಯ ಹಿಂದೆ ನಿಂತವನಿಗೆ ತಿಳಿಯುವುದಿಲ್ಲ, ಅಷ್ಟೆ.

ಸಮವಸರಣದ ಚಿತ್ರದಲ್ಲಿ ಸಿಂಹವೂ ಹಸುವೂ ಒಂದೇ ಪಾತ್ರೆಯಲ್ಲಿ ನೀರು ಕುಡಿಯುತ್ತಿರುವುದನ್ನು ನಮ್ಮ ಬಸದಿಗಳ ಗೋಡೆಯ ಮೇಲೆ ನೋಡುತ್ತೇವೆ. ಕೇವಲಜ್ಞಾನಿಯ ಸನ್ನಿಧಿಯಲ್ಲಿ ವೈರವು ತಾನಾಗಿ ಶಾಂತವಾಯಿತೆಂಬುದು ಅದರ ಅರ್ಥ. ಆ ಚಿತ್ರವನ್ನು ಬರೆದವನು ಹಸುವಿನ ಹಿತಕ್ಕಾಗಿ ಸಿಂಹವನ್ನು ಅಳಿಸಲಿಲ್ಲ.

ಇನ್ನು ಕಾಯಿದೆಯ ವಿಚಾರಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆಯೂ ಎರಡು ದಶಕಗಳ ಕಾಲ ಹುಲಿಬೇಟೆ ನಮ್ಮ ದೇಶದಲ್ಲಿ ಹಣಕೊಟ್ಟು ಕೊಳ್ಳಬಹುದಾದ ವಿನೋದವಾಗಿತ್ತು. ಹೊರದೇಶಗಳಿಂದ ಬಂದವರನ್ನು ಕಾಡಿಗೆ ಕರೆದೊಯ್ದು ಬೇಟೆಯಾಡಿಸುವ ಕಂಪನಿಗಳಿದ್ದವು. ಚರ್ಮಗಳು ಪೇಟೆಯಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿದ್ದವು. ಮೈಸೂರಿನಲ್ಲಿ ಸತ್ತ ಹುಲಿಯ ಚರ್ಮದೊಳಗೆ ತುಂಬಿ ನಿಲ್ಲಿಸುವ ಕೆಲಸಕ್ಕೆ ಲೋಕಪ್ರಸಿದ್ಧವಾದ ವಾನ್ ಇಂಗೆನ್ ಕಾರ್ಖಾನೆಯೇ ಇತ್ತು. ಚೀತಾ ಎಂಬ ಮೃಗವಂತೂ ನಮ್ಮ ಕಣ್ಣೆದುರಿಗೇ ನಿರ್ನಾಮವಾಯಿತು. ೧೯೪೭ರಲ್ಲಿ ಕೊರಿಯಾ ಸಂಸ್ಥಾನದ ಅರಸರು ಹೊಡೆದುರುಳಿಸಿದ ಮೂರೇ ಭಾರತದ ಕೊನೆಯ ಚೀತಾಗಳೆಂದು ಹೇಳಲಾಗುತ್ತದೆ. ೧೯೫೨ರಲ್ಲಿ ಅದು ಅಳಿದುಹೋಯಿತೆಂದು ಸರ್ಕಾರವೇ ಘೋಷಿಸಿತು. ೨೦೨೨ರಲ್ಲಿ ಎಂಟು ಚೀತಾಗಳನ್ನು ನಮೀಬಿಯಾದಿಂದ ವಿಮಾನದಲ್ಲಿ ತರಿಸಿ ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಡಬೇಕಾಯಿತು.

ಬದಲಾವಣೆ ತಾನಾಗಿ ಬರಲಿಲ್ಲ. ೧೯೬೯ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಮಹಾಸಭೆಯಲ್ಲಿ ಹುಲಿಯ ಅಳಿವಿನ ಮಾತು ಬಲವಾಗಿ ಕೇಳಿಬಂದಿತು. ಕೈಲಾಸ ಸಾಂಖಲಾ ಅವರಂತಹ ಅರಣ್ಯಾಧಿಕಾರಿಗಳು ಚರ್ಮದ ವ್ಯಾಪಾರವನ್ನು ಬಯಲಿಗೆಳೆದು ಊರೂರಿನಲ್ಲಿ ಮಾತನಾಡಿದರು. ೧೯೭೦ರಲ್ಲಿ ಹುಲಿಬೇಟೆಗೆ ದೇಶವ್ಯಾಪಿಯಾಗಿ ತಡೆ ಬಿದ್ದಿತು. ಬೇಟೆಯ ಕಂಪನಿಗಳು ಕೂಗಾಡಿದವು. ಶ್ರೀಮತಿ ಇಂದಿರಾ ಗಾಂಧಿಯವರ ಸರ್ಕಾರ ಹಿಂದೆಗೆಯಲಿಲ್ಲ. ೧೯೭೨ರಲ್ಲಿ ನಡೆಸಿದ ಎಣಿಕೆಯಲ್ಲಿ ದೇಶದಲ್ಲೆಲ್ಲ ಸಿಕ್ಕಿದ ಹುಲಿಗಳು ೧,೮೨೭ ಮಾತ್ರ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮರುವರ್ಷ ಏಪ್ರಿಲ್ ಒಂದರಂದು ಹುಲಿ ಯೋಜನೆ ಒಂಬತ್ತು ಕಾಡುಗಳಲ್ಲಿ ಆರಂಭವಾಯಿತು; ನಮ್ಮ ಬಂಡೀಪುರ ಅವುಗಳಲ್ಲಿ ಒಂದು. ಹಿಂದೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಸ್ಥಳವದು. ತೋಳಕ್ಕಾಗಿ ೧೯೭೪ರಲ್ಲಿ ಮೇಲುಕೋಟೆಯಲ್ಲಿ ಅಭಯಾರಣ್ಯವಾಯಿತು. ಇತ್ತೀಚಿನ ವರ್ಷಗಳಲ್ಲಿ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೂ ತೋಳಗಳಿಗೆಂದೇ ಒಂದು ಅಭಯಾರಣ್ಯ ಬಂದಿದೆ. 'ಅಭಯಾರಣ್ಯ' ಎಂಬ ಮಾತನ್ನು ದಿನವೂ ಕೇಳುವ ನಮಗೆ, ಚತುರ್ವಿಧ ದಾನಗಳಲ್ಲಿ ಒಂದಾದ ಅಭಯದಾನದ ಹೆಸರನ್ನು ರಾಜ್ಯವೊಂದು ತನ್ನ ಕಾಡಿಗೆ ಇಟ್ಟಿದೆಯೆಂಬುದು ಹೊಳೆಯದೆ ಹೋಗಿದೆ.

ಹಾಗೆಂದು ಕಾಯಿದೆಯನ್ನೂ ವ್ರತವನ್ನೂ ಒಂದೇ ಎಂದು ಎಣಿಸಬಾರದು. ಕಾಯಿದೆ ಪ್ರಾಣಿಗಳನ್ನು ಅನುಸೂಚಿಗಳಾಗಿ ವಿಂಗಡಿಸುತ್ತದೆ. ಹುಲಿಗೆ ಮೊದಲನೆಯ ಅನುಸೂಚಿ. ೧೯೭೨ರ ಮೂಲ ಕಾಯಿದೆಯಲ್ಲಿ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳಿಗೆ 'ಪೀಡಕ' ಎಂಬ ಬೇರೊಂದು ಪಟ್ಟಿಯೇ ಇತ್ತು. ೨೦೨೨ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ಆದರೆ ಯಾವುದಾದರೂ ಪ್ರಾಣಿಯನ್ನು ಪೀಡಕವೆಂದು ಸಾರುವ ಅಧಿಕಾರ ಸರ್ಕಾರದ ಕೈಯಲ್ಲಿ ಉಳಿದಿದೆ. ಕಾಯಿದೆ ಉಳಿಸಲು ಹೊರಟಿರುವುದು ಹುಲಿಯೆಂಬ ಕುಲವನ್ನು. ವ್ರತವು ನೋಡುವುದು ಎದುರಿಗಿರುವ ಒಂದು ಜೀವವನ್ನು. ದಂಡದ ಭಯದಿಂದ ಕೋವಿಯನ್ನು ಕೆಳಗಿಟ್ಟವನಿಗೆ ವ್ರತದ ಫಲ ದೊರೆಯುವುದಿಲ್ಲ. ಆದರೆ ಹುಲಿಗೆ ಅದರಿಂದ ಏನು? ಅದಕ್ಕೆ ದೊರೆತ ಅಭಯ ಅಭಯವೇ. ಎಲ್ಲರೂ ಸ್ವಯಂಪ್ರೇರಣೆಯಿಂದ ವ್ರತಿಗಳಾಗುವವರೆಗೆ ಕಾದಿದ್ದರೆ ೧,೮೨೭ ಇಳಿದು ಇಳಿದು ಚೀತಾದ ಲೆಕ್ಕಕ್ಕೆ ಸೇರುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

"ನಾನು ಬೇಟೆಯಾಡುವುದಿಲ್ಲ, ನನಗೇಕೆ ಈ ಗೊಡವೆ?" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂದು ಮಕ್ಕಳೂ ಬಲ್ಲರು. ಅದಕ್ಕೆ ಬ್ರಹ್ಮದತ್ತ ಚಕ್ರವರ್ತಿಯ ನಿದರ್ಶನವನ್ನೂ ಬಲ್ಲರು. ಆದರೆ ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ನಿರೂಪಿಸುವಾಗ ಕೈಯಿಂದ ಕೊಲ್ಲದಿರುವುದನ್ನು ಮಾತ್ರ ಹೇಳಲಿಲ್ಲ. ಮಾಡಿಸುವುದನ್ನೂ ಮೆಚ್ಚುವುದನ್ನೂ ಸೇರಿಸಿದರು. ಅನರ್ಥದಂಡಗಳನ್ನು ಎಣಿಸುವಾಗ ಆಯುಧ, ವಿಷ, ಸಂಕೋಲೆಗಳನ್ನು ಇನ್ನೊಬ್ಬರಿಗೆ ಒದಗಿಸುವ ಹಿಂಸಾದಾನವನ್ನು ಹೆಸರಿಸಿದರು. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯನ್ನೂ ಹೆಸರಿಸಿದರು. ವ್ಯಾಪಾರವೇ ಜೀವನವಾಗಿರುವ ನಮ್ಮ ಸಮಾಜಕ್ಕೆ ಇದು ನೇರವಾಗಿ ತಾಗುವ ಮಾತು. ಕಾಡಂಚಿನ ಊರಿನಲ್ಲಿ ಗೊಬ್ಬರ ಕೀಟನಾಶಕಗಳ ಅಂಗಡಿಯನ್ನಿಟ್ಟವನು ಡಬ್ಬಿಯನ್ನು ಕೊಡುವಾಗ "ಯಾವ ಬೆಳೆಗೆ?" ಎಂದು ಕೇಳದೆ ಕೊಟ್ಟರೆ ಅದು ವ್ಯಾಪಾರ ಮಾತ್ರವೇ? ತಂತಿಯ ಉರುಳಿಗೆಂದು ತಿಳಿದೂ ತಂತಿಯನ್ನು ತೂಗಿಕೊಟ್ಟವನ ಸ್ಥಿತಿ ಏನು? ಬೇಟೆಯ ರೋಚಕ ಕಥೆಗಳನ್ನು ಮಕ್ಕಳಿಗೆ ಓದಿಹೇಳುವ ತಾಯಂದಿರ ಮೇಲೆ ನಾನು ಆರೋಪ ಹೊರಿಸಲಾರೆ. ಆದರೆ ಓದಿ ಮುಗಿಸಿದ ಮೇಲೆ ಸತ್ತ ಹುಲಿಯ ಮರಿಗಳು ಏನಾದವೆಂದು ಮಕ್ಕಳು ಕೇಳಿದರೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಲಿ.

ಅನುಮೋದನೆಯು ಮನೆಯ ತಿಜೋರಿಯಲ್ಲಿಯೂ ಇರಬಹುದು. ೨೦೨೩ರ ಅಕ್ಟೋಬರಿನಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಭಾಗವಹಿಸಿದ್ದವರೊಬ್ಬರ ಕೊರಳಲ್ಲಿ ಹುಲಿಯುಗುರು ಕಾಣಿಸಿಕೊಂಡು ಅವರು ಬಂಧನಕ್ಕೊಳಗಾದಾಗ, ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆರೆದು ನೋಡುವ ಗಡಿಬಿಡಿಯಾಯಿತು. ಮಕ್ಕಳಿಗೆ ದೃಷ್ಟಿಯಾಗದಿರಲೆಂದು ಹುಲಿಯುಗುರನ್ನು ಚಿನ್ನದಲ್ಲಿ ಕಟ್ಟಿಸಿ ಹಾಕುವ ರೂಢಿ ಹಿಂದೆ ಅನೇಕ ಜಾತಿಗಳಲ್ಲಿತ್ತು. ನಮ್ಮ ಮನೆಗಳಲ್ಲಿ ಎಲ್ಲಿಯೂ ಇರಲಿಲ್ಲವೆಂದು ಎದೆತಟ್ಟಿ ಹೇಳುವ ಧೈರ್ಯ ನನಗಿಲ್ಲ. ಕೊಂದವನು ಯಾರೋ, ಕೊಂಡವರು ಅಜ್ಜನ ಕಾಲದವರೋ ಇರಬಹುದು. ಸಂದೂಕದಲ್ಲಿ ಅಂತಹುದು ಸಿಕ್ಕಿದರೆ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಕಾಯಿದೆಗೂ ವ್ರತಕ್ಕೂ ವಿರುದ್ಧ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಇದೇ ಕಾಯಿದೆಯು ನವಿಲಿನ ಬಾಲದ ಗರಿಗಳ ವಿಷಯದಲ್ಲಿ ವಿನಾಯಿತಿಯನ್ನಿಟ್ಟಿರುವುದರಿಂದ ನಮ್ಮ ಮುನಿಗಳ ಪಿಂಛಿಗೆ ಬಾಧೆಯಿಲ್ಲದಾಗಿದೆ. ಪಿಂಛಿಗೆ ತೊಂದರೆ ಬಂದೀತೆಂಬ ಸುದ್ದಿ ಹುಟ್ಟಿದಾಗಲೆಲ್ಲ ಮನವಿಪತ್ರಗಳನ್ನು ಬರೆಯಲು, ನಿಯೋಗಗಳನ್ನು ಕಳುಹಿಸಲು ನಮಗೆ ಚೆನ್ನಾಗಿ ಬರುತ್ತದೆ. ಜೀವರಕ್ಷಣೆಗಾಗಿಯೇ ಧರಿಸುವ ಆ ಪಿಂಛಿಯ ಹೆಸರಿನಲ್ಲಿ ಕಲಿತ ವಿದ್ಯೆಯನ್ನು ಕಾಡಿನ ಜೀವಿಗಳಿಗಾಗಿ ಎಷ್ಟು ಬಾರಿ ಬಳಸಿದ್ದೇವೆ?

ಆಕ್ಷೇಪವೊಂದು ಉಳಿದಿದೆ. ಕಾಯಿದೆಯೆಂದರೆ ಸೆರೆಮನೆ. ಹುಲಿಯನ್ನು ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆಯನ್ನು ಅದು ವಿಧಿಸುತ್ತದೆ. ಬಂಧನವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವಾಗ, ಮನುಷ್ಯನನ್ನು ಬಂಧಿಸುವ ಕಾಯಿದೆಯನ್ನು ಶ್ರಾವಕನು ಹೇಗೆ ಬೇಡುತ್ತಾನೆ? ಇದಕ್ಕೆ ನನ್ನಲ್ಲಿ ಪೂರ್ಣ ಸಮಾಧಾನಕರವಾದ ಉತ್ತರವಿಲ್ಲ. ರಾಜದಂಡವು ಕೊಲ್ಲುವವನ ಕೈಯನ್ನು ತಡೆಯುವುದಕ್ಕಾಗಿ ಇದೆ, ಕ್ರೋಧದಿಂದ ಕಟ್ಟಿಹಾಕುವುದಕ್ಕೂ ಅದಕ್ಕೂ ಭೇದವಿದೆ ಎಂಬಷ್ಟನ್ನು ಹೇಳಬಹುದು. ಆದರೆ ಆ ಭೇದ ಉಳಿಯಬೇಕಾದರೆ ಕಾಯಿದೆಯನ್ನು ಬೇಡುವವನ ನಾಲಗೆಯಲ್ಲಿ ದ್ವೇಷವಿರಬಾರದು. ಹುಲಿಯ ಪರವಾಗಿ ಬರೆಯುವವರಲ್ಲಿ ಕೆಲವರು ಕಾಡಿನ ಜನರನ್ನೆಲ್ಲ ಕಳ್ಳಬೇಟೆಗಾರರೆಂಬಂತೆ ಚಿತ್ರಿಸುತ್ತಾರೆ. ಇದು ಅಸತ್ಯ, ಆದುದರಿಂದ ಎರಡನೆಯ ಅಣುವ್ರತಕ್ಕೆ ಭಂಗ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನೆಂದು ಹುಲಿಯನ್ನೇ ಪೂಜಿಸುವವರು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯಂತೆ ಅವರಿಗೆ ಅಲ್ಲಿ ಹಕ್ಕುಗಳು ದೊರೆತಿವೆ, ಅದೇ ಬೆಟ್ಟಗಳು ಹುಲಿಗಳ ರಕ್ಷಿತಾರಣ್ಯವೂ ಆಗಿವೆ. ಇನ್ನೊಂದೆಡೆ ರಾಜಸ್ಥಾನದ ಸರಿಸ್ಕಾದಲ್ಲಿ ಕಾಯಿದೆ, ಕಾವಲುಗಾರರು, ಯೋಜನೆ ಎಲ್ಲವೂ ಇದ್ದು ೨೦೦೫ರ ವೇಳೆಗೆ ಒಂದು ಹುಲಿಯೂ ಉಳಿದಿರಲಿಲ್ಲ. ಸುತ್ತಲಿನ ಹಳ್ಳಿಗಳ ಮನಸ್ಸನ್ನು ಗೆಲ್ಲದ ಕಾಯಿದೆ ಬೇಲಿಯಿಲ್ಲದ ಹೊಲದಂತೆ.

ಈ ಪ್ರಶ್ನೆ ನಮ್ಮ ನಾಡಿನಲ್ಲೇ ಅತ್ಯಂತ ಕಠೋರವಾಗಿ ಎದ್ದು ನಿಂತದ್ದು ೨೦೨೫ರ ಜೂನ್ ತಿಂಗಳಲ್ಲಿ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಒಟ್ಟಿಗೆ ಸತ್ತುಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಸಿಟ್ಟಿನಿಂದ ಈ ಕೆಲಸ ಮಾಡಿದರೆಂಬ ಆರೋಪದ ಮೇಲೆ ಮೂವರನ್ನು ಬಂಧಿಸಲಾಯಿತು. ಹುಲಿಯನ್ನೇ ವಾಹನವನ್ನಾಗಿ ಮಾಡಿಕೊಂಡ ಮಾದಪ್ಪನ ಬೆಟ್ಟದ ಕಾಡು ಅದು.

ಶ್ರಾವಕಾಚಾರದ ಭಾಷೆಯಲ್ಲಿ ಈ ಕೃತ್ಯವನ್ನು ಏನೆಂದು ಕರೆಯಬೇಕು? ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಸರ್ವಥಾ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಹುಲಿ ಮೇಲೆ ಬಿದ್ದಾಗ ತನ್ನ ಪ್ರಾಣವನ್ನೋ ಮಗುವಿನ ಪ್ರಾಣವನ್ನೋ ಉಳಿಸಿಕೊಳ್ಳಲು ಕೊಡಲಿಯನ್ನೆತ್ತಿದವನದು ವಿರೋಧೀ ಹಿಂಸೆ. ಅವನನ್ನು ೧೯೭೨ರ ಕಾಯಿದೆಯೂ ಅಪರಾಧಿಯೆನ್ನುವುದಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಹುಲಿಯನ್ನು ಹಿಡಿಯಲು, ಬೇರೆಡೆಗೆ ಸಾಗಿಸಲು ಪ್ರಯತ್ನಿಸಿ, ಅದು ಸಾಧ್ಯವೇ ಇಲ್ಲವೆಂದಾದಾಗ ಮಾತ್ರ ಕೊಲ್ಲಲು ಅದು ಅಧಿಕಾರಿಗೆ ಅನುಮತಿ ನೀಡುತ್ತದೆ. ಇಲ್ಲಿ ಶ್ರಾವಕಾಚಾರವೂ ಕಾಯಿದೆಯೂ ತಕ್ಕಮಟ್ಟಿಗೆ ಒಂದೇ ಗೆರೆಯನ್ನು ಎಳೆದಿವೆ. ಆದರೆ ಹಸು ಸತ್ತ ಮೇಲೆ, ಭಯ ಕಳೆದ ಮೇಲೆ, ಯೋಚಿಸಿ ವಿಷವನ್ನು ತಂದು ಹಾಕುವುದು ಆ ಗೆರೆಯ ಆಚೆಯದು. ಕ್ರೋಧವಿತ್ತು, ಸಂಕಲ್ಪವಿತ್ತು, ಯಾವ ಮರಿಯೂ ಯಾರ ಹಸುವನ್ನೂ ಕೊಂದಿರಲಿಲ್ಲ.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ನಾನು ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಹುಲಿಯ ಅಭಯಕ್ಕೆ ಬೆಲೆಯನ್ನು ತೆರುತ್ತಿರುವವರು ಬೆಳಗಾವಿಯ ಪೇಟೆಯಲ್ಲೋ ಬೆಂಗಳೂರಿನ ಬಡಾವಣೆಯಲ್ಲೋ ಕುಳಿತ ನಾವಲ್ಲ. ಅದೇ ವರ್ಷದ ಅಕ್ಟೋಬರ್–ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಹುಲಿಯ ದಾಳಿಗೆ ಸಿಕ್ಕಿ ರೈತರು ಸತ್ತರು. ಬಂಡೀಪುರ ನಾಗರಹೊಳೆಗಳಲ್ಲಿ ಪ್ರವಾಸಿಗರ ಸಫಾರಿಯನ್ನು ಸರ್ಕಾರ ನಿಲ್ಲಿಸಬೇಕಾಯಿತು. ಹಾಲು ಮಾರಿ ಬದುಕುವವನ ಮನೆಯಲ್ಲಿ ಒಂದು ಹಸು ಹೋದರೆ ಹೋಗುವುದು ಹಸು ಮಾತ್ರವಲ್ಲ, ಮಕ್ಕಳ ಶಾಲೆಯ ಶುಲ್ಕವೂ ಸಂಘದ ಸಾಲದ ಕಂತೂ ಹೌದು. ಪರಿಹಾರದ ಹಣವಿದೆ; ಆದರೆ ಅದಕ್ಕೆ ಸ್ಥಳತನಿಖೆ, ಪಶುವೈದ್ಯರ ಪ್ರಮಾಣಪತ್ರ, ಕಚೇರಿಯ ಅಲೆದಾಟಗಳಿವೆ. ನಮ್ಮ ಅನುಮೋದನೆಯ ಪುಣ್ಯಕ್ಕೆ ಅವನ ಹಸುವಿನಿಂದ ಬೆಲೆ ಕೊಡಿಸಿ, ಅವನು ಸಿಟ್ಟಾದಾಗ ಅವನಿಗೆ ಅಹಿಂಸೆಯ ಉಪದೇಶ ಮಾಡುವುದು ಯಾವ ದಯೆ? ಅಭಯದಾನವೂ ದಾನವೇ ಆದುದರಿಂದ ದಾನದ ಸಾಮಾನ್ಯ ನಿಯಮ ಅದಕ್ಕೂ ಸಲ್ಲುತ್ತದೆ. ಕೊಡುವವನು ತನ್ನದನ್ನು ಕೊಡಬೇಕು. ಇನ್ನೊಬ್ಬನ ಕೊಟ್ಟಿಗೆಯಿಂದ ಎತ್ತಿ ಕೊಟ್ಟದ್ದಕ್ಕೆ ದಾನವೆಂಬ ಹೆಸರಿಲ್ಲ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಜೀವದಯೆಗಾಗಿ ಹಣವನ್ನು ಕೂಡಿಸುವ ಸಂಪ್ರದಾಯ ನಮ್ಮ ಅನೇಕ ಊರುಗಳಲ್ಲಿದೆ. ಆ ಹಣದಿಂದ ಗೋಶಾಲೆಗಳಿಗೆ ಮೇವು ಹೋಗುತ್ತದೆ, ಕೆಲವೆಡೆ ಕಟುಕರಿಂದ ಕುರಿಗಳನ್ನು ಬಿಡಿಸುತ್ತಾರೆ. ಮೈಸೂರು, ಚಾಮರಾಜನಗರ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬಸದಿಗಳ ಪಂಚರು ಆ ಮೊತ್ತದಲ್ಲಿ ಒಂದು ಭಾಗವನ್ನು ಕಾಡಂಚಿನ ಹಳ್ಳಿಗಳಿಗಾಗಿ ಬೇರೆ ಎತ್ತಿಡುವ ವಿಚಾರವನ್ನು ಈ ವರ್ಷ ಸಭೆಯ ಮುಂದಿಡಬಹುದು. ರಾತ್ರಿ ದನಗಳನ್ನು ಕಟ್ಟುವ ದೊಡ್ಡಿಗೆ ಗಟ್ಟಿಯಾದ ಗೋಡೆ, ಮೇಲೆ ಕಬ್ಬಿಣದ ಜಾಲರಿ, ಒಂದು ದೀಪ ಇಷ್ಟಿದ್ದರೆ ಚಿರತೆ ಒಳಗೆ ಬರುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಹಸುವನ್ನು ಕಳೆದುಕೊಂಡ ಮನೆಗೆ, ಸರ್ಕಾರದ ಪರಿಹಾರ ಬರುವ ಮೊದಲೇ, ಮರುದಿನವೇ ಹೋಗಿ ಒಂದು ಮೊತ್ತವನ್ನು ಕೈಯಲ್ಲಿಟ್ಟು, ಅರ್ಜಿ ಬರೆಯಲು ಓದುಬಲ್ಲ ಹುಡುಗನೊಬ್ಬನನ್ನು ಜೊತೆಗೆ ಕಳುಹಿಸಲು ದೊಡ್ಡ ಸಂಸ್ಥೆಯೇನೂ ಬೇಕಾಗಿಲ್ಲ. ಹುಲಿ ತಾನು ಕೊಂದದ್ದನ್ನು ತಿನ್ನಲು ಮತ್ತೆ ಬರುವುದು ಸಾಮಾನ್ಯವಾಗಿ ಮರುರಾತ್ರಿ. ಅದು ಬರುವ ಮೊದಲು ನಮ್ಮವರು ಯಾರಾದರೂ ಆ ಮನೆಯ ಜಗಲಿಯ ಮೇಲೆ ಕುಳಿತಿರಬೇಕು.